ದಾವಣಗೆರೆಯಲ್ಲಿ ಐದು ಜನರ ಮನೆ: ತಿಂಗಳ ಕಿರಾಣಿ, ತರಕಾರಿ, ಹಾಲು 10,000 ರೂಪಾಯಿ ಒಳಗೆ ಆಗುತ್ತಾ?

ನಿಟುವಳ್ಳಿ ಮನೆ:
ಗಂಡ ಹೆಂಡತಿ, ಅತ್ತೆ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಕಿರಾಣಿ, ತರಕಾರಿ, ಹಾಲು, ಮೊಟ್ಟೆ ಎಲ್ಲಾ ಸೇರಿ ತಿಂಗಳಿಗೆ 12,500ರಿಂದ 13,000 ಆಗ್ತಿದೆ. 10,000ಕ್ಕೆ ಇಳಿಸಬೇಕು, ಆದರೆ ಮಕ್ಕಳ ಹಾಲು, ಬೇಳೆ, ಮೊಟ್ಟೆ ಕಡಿಮೆ ಮಾಡೋ ಹಾಗಿಲ್ಲ. ಮಧ್ಯಾಹ್ನ ಅನ್ನ ಸಾರು, ರಾತ್ರಿ ಜೋಳದ ರೊಟ್ಟಿ, ಮೇಲೊಂದಿಷ್ಟು ಅನ್ನ. ತಿಂಗಳ ಮೊದಲ ವಾರ ಹತ್ತಿರದ ಅಂಗಡಿಗೆ ಚೀಟಿ ಕೊಟ್ಟು ಸಾಮಾನು ತರಿಸ್ತೀವಿ, ನಡುವೆ ಬೇಕಾದ್ದೆಲ್ಲ ಉದ್ರಿ. ಸಗಟು ಅಂಗಡಿಗಳಿರೋ ಚೌಕಿಪೇಟೆಗೆ ಹೋಗಿ ತಂದರೆ ಆಟೋ ಖರ್ಚು ಕಳೆದು ಏನಾದರೂ ಉಳಿಯುತ್ತಾ? ವರ್ಷದ ಸಾಮಾನು ಒಟ್ಟಿಗೆ ತುಂಬಿಟ್ಟರೆ ಲಾಭವಾ? ಗೊತ್ತಿರೋರು ಲೆಕ್ಕ ಸಮೇತ ಹೇಳಿ.

ಲೆಕ್ಕದ ಪುಸ್ತಕ:
ಎಲ್ಲಿ ತರಬೇಕು ಅನ್ನೋದು ಆಮೇಲೆ ಅಕ್ಕ, ಎಷ್ಟು ಬೇಕು ಅನ್ನೋದು ಮೊದಲು ಗೊತ್ತಾಗಬೇಕು. ಚೀಟಿಯಲ್ಲಿ ಬೇಳೆ 5, ಎಣ್ಣೆ 5, ಸಕ್ಕರೆ 5 ಅಂತ ಬರೆಯೋದು ಬಹಳ ಮನೆಗಳಲ್ಲಿ ರೂಢಿ. ಅದು ಕೈಗೆ ಬಂದ ಲೆಕ್ಕ, ತೂಗಿದ ಲೆಕ್ಕ ಅಲ್ಲ.

ನಿಮ್ಮ ಊಟದ ಕ್ರಮಕ್ಕೆ ದಿನಕ್ಕೆ ಹೀಗೆ ಹಿಡಿಯಿರಿ: ಅಕ್ಕಿ 500 ಗ್ರಾಂ, ಜೋಳದ ಹಿಟ್ಟು 450 ಗ್ರಾಂ (ಎಂಟು ರೊಟ್ಟಿ), ತೊಗರಿಬೇಳೆ 120 ಗ್ರಾಂ, ಎಣ್ಣೆ 100 ಗ್ರಾಂ, ಸಕ್ಕರೆ ಬೆಲ್ಲ ಸೇರಿ 100 ಗ್ರಾಂ. 30 ದಿನಕ್ಕೆ ಅಕ್ಕಿ 15 ಕೆಜಿ, ಜೋಳ ಹದಿಮೂರೂವರೆ, ಬೇಳೆ 3.6, ಎಣ್ಣೆ 3 ಕೆಜಿ ಅಂದರೆ 3.3 ಲೀಟರ್, ಸಕ್ಕರೆ 3. ಉಪ್ಪು 1 ಕೆಜಿ ಸಾಕು. ಇದಕ್ಕಿಂತ ಬಹಳ ಜಾಸ್ತಿ ಹೋಗ್ತಿದ್ದರೆ ಕಾರಣ ಹುಡುಕಬೇಕು. ಎಣ್ಣೆ ಆದರೆ ಕರಿದ ತಿಂಡಿ, ಅಕ್ಕಿ ಆದರೆ ಮಿಕ್ಕು ಚೆಲ್ಲೋ ಅನ್ನ.

ಮನೆಯ ಪಾವಿಗೆ ಅಕ್ಕಿ, ಬೇಳೆ, ಹಿಟ್ಟು ಎಷ್ಟೆಷ್ಟು ಗ್ರಾಂ ಹಿಡಿಯುತ್ತೆ ಅಂತ ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಅಡುಗೆಮನೆ ಗೋಡೆಗೆ ಬರೆದು ಅಂಟಿಸಿ. ಪ್ರತಿ ಡಬ್ಬಿಗೆ ತುಂಬಿದ ತಾರೀಕು, ತೂಕ ಹಾಕಿ. ಡಬ್ಬಿ ಬರಿದಾದ ದಿನ ಎರಡನೇ ತಾರೀಕು ಬರೆದರೆ ದಿನಕ್ಕೆ ಎಷ್ಟು ಹೋಯ್ತು ಅಂತ ತಾನೇ ಗೊತ್ತಾಗುತ್ತೆ. ಎರಡು ತಿಂಗಳು ಹೀಗೆ ಮಾಡಿದರೆ ನಿಮ್ಮ ಮನೆಯ ಖರೆ ಲೆಕ್ಕ ಕೈಗೆ ಬರುತ್ತೆ.

10,000 ಹಂಚಿಕೆ: ದಿನಕ್ಕೆ ಒಂದೂವರೆ ಲೀಟರ್ ಹಾಲಿಗೆ 2,200, ತರಕಾರಿ ಹಣ್ಣು ವಾರಕ್ಕೆ 500ರ ಲೆಕ್ಕದಲ್ಲಿ 2,200, ಮೊಟ್ಟೆ 500, ಕಿರಾಣಿ 4,300. ಉಳಿದ 800 ಬೇರೆ ಡಬ್ಬಿಯಲ್ಲಿ, ಸುಗ್ಗಿ ಕಾಲದ ಖರೀದಿಗೆ. ಸೋಪು, ಪೌಡರ್, ಪೇಸ್ಟು ಇದರಲ್ಲಿ ಸೇರಿಸಬೇಡಿ. ಅವು ಸೇರಿದ ಕೂಡಲೇ ಊಟದ ಲೆಕ್ಕ ಕೆಡುತ್ತೆ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನೂ ಸುಗ್ಗಿ ಡಬ್ಬಿಗೇ ಹಾಕಿ. ಇಂಥ ತಾರೀಕಿಗೇ ಬರುತ್ತೆ ಅಂತ ನಂಬಿ ತಿಂಗಳ ಚೀಟಿ ಬರೆಯೋಕಾಗಲ್ಲ.

ಹೆಚ್ಚು ಸೋರೋದು ಉದ್ರಿಯಲ್ಲಿ. 50 ಗ್ರಾಂ ಜೀರಿಗೆ, 100 ಗ್ರಾಂ ಕಡಲೆಬೇಳೆ, ಬಿಸ್ಕತ್ತು, ಕುರುಕಲು ಪ್ಯಾಕೆಟ್ಟು. ಉದ್ರಿ ಪುಸ್ತಕದಲ್ಲಿ ಬರೀ ಮೊತ್ತ ಬರೆಸಬೇಡಿ. ಸಾಮಾನು, ತೂಕ, ದರ ಮೂರೂ ಬರೆಸಿ. ತಿಂಗಳ ಕೊನೆಗೆ ಆ ಪುಟಗಳನ್ನು ಮಾತ್ರ ಕೂಡಿ ನೋಡಿ. ಎರಡು ಸಲ ಬಂದ ಸಾಮಾನು ಮುಂದಿನ ಚೀಟಿಗೆ ಹೋಗಬೇಕು. ಮಕ್ಕಳ ಸಂಜೆ ತಿಂಡಿಗೆ ಮಂಡಕ್ಕಿ, ಪುಟಾಣಿ, ಶೇಂಗಾ ಇರೋ ಊರು ನಮ್ಮದು. ಮಂಡಕ್ಕಿ ಮೆತ್ತಗಾದರೆ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಆಡಿಸಿದರೆ ಮತ್ತೆ ಗರಿಗರಿ.

ಮಂಡಿಪೇಟೆ ದರ:
ಮೇಲಿನವರು ಹೇಳಿದ್ದು ಸರಿ. ಚೌಕಿಪೇಟೆ ವಿಚಾರಕ್ಕೆ ಬರ್ತೀನಿ. ಕೆಜಿಗೆ 3 ರೂಪಾಯಿ ಉಳಿದರೆ 50 ಕೆಜಿಗೆ 150. ಅದು ಆಟೋಕ್ಕೇ ಸರಿಹೋಗುತ್ತೆ. ಹಾಗಾಗಿ ತಿಂಗಳಿಗೊಮ್ಮೆ ಒಬ್ಬರೇ ಹೋಗೋದು ಬೇಡ. ಎರಡು ಮನೆಯವರು ಸೇರಿ ಎರಡು ತಿಂಗಳಿಗೊಮ್ಮೆ ಹೋಗಿ. ಅಕ್ಕಿ, ಜೋಳ, ಬೇಳೆ, ಎಣ್ಣೆ, ಸಕ್ಕರೆ ಇಷ್ಟೇ ತನ್ನಿ. ಉಪ್ಪು, ಟೀ ಪುಡಿ, ಸಾಸಿವೆಗೆ ಅಷ್ಟು ದೂರ ಬೇಕಿಲ್ಲ. ಹೊರಡೋ ಮುಂಚೆ ಎರಡು ಅಂಗಡಿಗೆ ಫೋನ್ ಮಾಡಿ ಈ ಐದರ ದರ ಕೇಳಿ ಬರೆದುಕೊಳ್ಳಿ.

ದರಕ್ಕಿಂತ ತೂಕದಲ್ಲೇ ಜನ ಹೆಚ್ಚು ಕಳ್ಕೊಳ್ಳೋದು. ಅಕ್ಕಿ ಚೀಲದಲ್ಲಿ 25 ಕೆಜಿ, 26 ಕೆಜಿ ಎರಡೂ ಇವೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಇರುವ ಪ್ಯಾಕ್‌ಗೆ 5% ಜಿಎಸ್‌ಟಿ ಬಂತು, ಅದಕ್ಕೇ 26ರ ಚೀಲ ಹುಟ್ಟಿದ್ದು. ಚೀಲದ ಬೆಲೆ ಹೋಲಿಸಬೇಡಿ, ಅದರ ಮೇಲಿನ ಕೆಜಿಯಿಂದ ಭಾಗಿಸಿ.

ಎಣ್ಣೆಯಲ್ಲಿ ಇನ್ನೂ ಹುಷಾರಾಗಿರಬೇಕು. 1 ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ನೋಡೋಕೆ ಲೀಟರಿನಷ್ಟೇ ಕಾಣೋ ಪ್ಯಾಕೆಟ್ಟಿನಲ್ಲಿ 850 ಗ್ರಾಂ ಇರಬಹುದು. ಉದಾಹರಣೆಗೆ 910 ಗ್ರಾಂಗೆ 145 ರೂಪಾಯಿ, 850 ಗ್ರಾಂಗೆ 138 ಅಂತ ಇಟ್ಕೊಳ್ಳಿ. ಮೊದಲನೆಯದು ಕೆಜಿಗೆ 159, ಎರಡನೆಯದು 162. 7 ರೂಪಾಯಿ ಕಡಿಮೆ ಅಂತ ತಗೊಂಡದ್ದೇ ತುಟ್ಟಿ. ಟಿನ್‌ನಲ್ಲೂ 15 ಲೀಟರ್ ಬೇರೆ, 15 ಕೆಜಿ ಬೇರೆ. 15 ಲೀಟರ್ ಅಂದರೆ 13.65 ಕೆಜಿ ಮಾತ್ರ, 15 ಕೆಜಿ ಟಿನ್‌ನಲ್ಲಿ ಸುಮಾರು ಹದಿನಾರೂವರೆ ಲೀಟರ್ ಇರುತ್ತೆ. ಎಂಆರ್‌ಪಿ ಪಕ್ಕದಲ್ಲಿ ಒಂದು ಗ್ರಾಂಗೆ ಅಥವಾ ಒಂದು ಮಿಲಿಗೆ, ದೊಡ್ಡ ಪ್ಯಾಕ್ ಆದರೆ ಕೆಜಿಗೆ ಅಥವಾ ಲೀಟರಿಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ, ಅದನ್ನೇ ಓದಿ.

ಹೊಸ ಅಕ್ಕಿ ಅಗ್ಗ ಅಂತ ತರಬೇಡಿ. ಅದು ನೀರು ಕಡಿಮೆ ಎಳೆಯುತ್ತೆ, ಅನ್ನ ಮುದ್ದೆಯಾಗುತ್ತೆ, ಅದೇ ಪಾವಿಗೆ ಅನ್ನ ಕಡಿಮೆ ಬರುತ್ತೆ. ಹಳೇ ಅಕ್ಕಿ ಕೆಜಿಗೆ ನಾಲ್ಕು ರೂಪಾಯಿ ಜಾಸ್ತಿಯಾದರೂ ಒದಗುತ್ತೆ.

ಸುಗ್ಗಿ ಕಣಜ:
ವರ್ಷದ್ದು ತುಂಬೋ ಪ್ರಶ್ನೆಗೆ: ಎಲ್ಲವನ್ನೂ ತುಂಬಬೇಡಿ. ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತೆ. ಹೊಸ ತೊಗರಿಬೇಳೆ ಜನವರಿ ದಾಟಿದ ಮೇಲೆ. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಏಪ್ರಿಲ್, ಹುಣಸೆಹಣ್ಣು ಫೆಬ್ರುವರಿಯಿಂದ ಏಪ್ರಿಲ್. ಈ ನಾಲ್ಕಕ್ಕೆ ಸುಗ್ಗಿ ಡಬ್ಬಿ ಒಡೆಯಿರಿ. ರವೆ, ಮೈದಾ, ಅವಲಕ್ಕಿ, ಕಾಳು ತಿಂಗಳಿಗೆ ಬೇಕಾದಷ್ಟೇ.

ಹುಣಸೆಹಣ್ಣು ಬೀಜ ತೆಗೆದದ್ದೋ ಇಲ್ಲವೋ ನೋಡಿ ದರ ಕೇಳಿ. ಬೀಜ ಸಮೇತ ಇದ್ದರೆ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೀಜವೇ. ಮೆಣಸಿನಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಅನ್ನಬೇಕು. ಸದ್ದಿಲ್ಲದೆ ಮೆತ್ತಗೆ ಬಾಗಿದರೆ ನೀರಿನಂಶ ಇದೆ. ತೂಕಕ್ಕೆ ದುಡ್ಡೂ ದಂಡ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತೆ. ತೊಟ್ಟು ಬಿಡಿಸದೆ ಇಡಿ.

ಜೋಳ ಹಲ್ಲಲ್ಲಿ ಕಡಿದರೆ ಕಟ್ ಅಂತ ಒಡೆಯಬೇಕು. ಎರಡು ದಿನ ಬಿಸಿಲಿಗೆ ಹರಡಿ, ಸಂಜೆ ನೆರಳಲ್ಲಿ ಪೂರ್ತಿ ಆರಿಸಿ, ಮಾರನೇ ಬೆಳಿಗ್ಗೆ ತುಂಬಿ. ಬಿಸಿ ಬಿಸಿ ಕಾಳು ತುಂಬಿ ಮುಚ್ಚಿದರೆ ಡಬ್ಬಿ ಒಳಗೆ ಬೆವರಿ ಮೇಲಿನ ಪದರ ಮೊದಲು ಕೆಡುತ್ತೆ. ಬೇವಿನ ಸೊಪ್ಪು ನೆರಳಲ್ಲಿ ಒಣಗಿಸಿ ಹಾಕಿ. ಹಸಿ ಸೊಪ್ಪು ಹಾಕಿದರೆ ಆ ತೇವಕ್ಕೇ ಹುಳ. ಬೇಳೆಗೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಕೈಗೆ ಹಚ್ಚಿಕೊಂಡು ಉಜ್ಜಿ, ಅಡುಗೆ ಮಾಡುವಾಗ ಎರಡು ನೀರಲ್ಲಿ ತೊಳೆದರೆ ಹೋಗುತ್ತೆ. ಬೋರಿಕ್ ಪೌಡರ್ ಮಾತ್ರ ಊಟದ ಕಾಳಿಗೆ ದಯವಿಟ್ಟು ಬೇಡ.

ಹಿಟ್ಟು ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಹಳೇ ಜೋಳದ ಹಿಟ್ಟಿಗೆ ಜಿಗಿ ಇರಲ್ಲ. ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತೆ, ತಿಂದರೆ ಕಹಿ. ಅಂಥ ಹಿಟ್ಟು ಕೊನೆಗೆ ದನದ ಪಾಲಾಗುತ್ತೆ.

ಚಳ್ಳಕೆರೆ ಶೇಂಗಾ:
ಕಣಜದವರು ಈರುಳ್ಳಿ ಬಿಟ್ಟರು. ಅಕ್ಟೋಬರ್‌ನಲ್ಲಿ ಚಿತ್ರದುರ್ಗ, ಜಗಳೂರು ಕಡೆಯ ಈರುಳ್ಳಿ ಅಗ್ಗವಾಗಿ ಬಂದಾಗ 50 ಕೆಜಿ ಚೀಲ ತಂದು ಇಡೋದು ದೊಡ್ಡ ತಪ್ಪು. ಅದು ಮಳೆಗಾಲದ ಬೆಳೆ, ನೀರು ಜಾಸ್ತಿ, ಎರಡು ಮೂರು ವಾರಕ್ಕೇ ಕೊಳೆಯೋಕೆ ಶುರು. 5 ಕೆಜಿ ಸಾಕು. ಇಡೋಕೆ ಬರೋದು ಬೇಸಿಗೆ ಈರುಳ್ಳಿ, ಮಾರ್ಚ್‌ನಿಂದ ಮೇ ತನಕ ಕೀಳೋದು. ಕುತ್ತಿಗೆ ಸಣ್ಣಗೆ ಮುಚ್ಚಿಕೊಂಡಿರೋದನ್ನು ಆರಿಸಿ ಗಾಳಿಯಾಡೋ ಕಡೆ ಒಂದೇ ಪದರ ಹರಡಿ. ಆಲೂಗಡ್ಡೆ ಜೊತೆ ಸೇರಿಸಬೇಡಿ.

ಗಾಣದ ಶೇಂಗಾ ಎಣ್ಣೆ ಆಡಿಸೋ ಮನಸ್ಸಿದ್ದರೆ 1 ಲೀಟರ್‌ಗೆ ಸುಮಾರು 2.4 ಕೆಜಿ ಬೀಜ ಬೇಕು. ಸಿಪ್ಪೆ ಸಮೇತ ತಂದರೆ ಸುಮಾರು ಮೂರೂವರೆ ಕೆಜಿ, ಯಾಕಂದ್ರೆ ನೂರು ಕೆಜಿ ಕಾಯಿಗೆ ಎಪ್ಪತ್ತರಷ್ಟೇ ಬೀಜ. ಬೀಜದ ದುಡ್ಡಿಗೆ ಆಡಿಸೋ ಕೂಲಿ ಸೇರಿಸಿ, ಹಿಂಡಿ ಬೆಲೆ ಕಳೆಯಿರಿ. ಲೀಟರಿಗೆ ಒಂದು ಕೆಜಿ 400 ಗ್ರಾಂನಷ್ಟು ಹಿಂಡಿ ಬರುತ್ತೆ, ಅದನ್ನು ಗಾಣದವರೇ ಇಟ್ಟುಕೊಂಡರೆ ಕೂಲಿ ಇಳಿಸಿ ಅಂತ ಕೇಳಿ. ಬಹಳ ಸಲ ಪ್ಯಾಕೆಟ್‌ಗಿಂತ ತುಟ್ಟಿಯೇ ಬೀಳುತ್ತೆ. ರುಚಿಗೆ ಮಾಡಿ, ಉಳಿತಾಯಕ್ಕೆ ಅಂತ ಬೇಡ. ಬೂಷ್ಟು ಹಿಡಿದ ಬೀಜ ಒಂದೊಂದಾಗಿ ಆರಿಸಿ ಎಸೆಯಲೇಬೇಕು, ಅದರ ವಿಷ ಎಣ್ಣೆಗೂ ಇಳಿಯುತ್ತೆ.

ನಿಟುವಳ್ಳಿ ಮನೆ:
ಎಲ್ಲರಿಗೂ ಧನ್ಯವಾದ. ಪಾವು ತೂಗಿಸೋದರಿಂದಲೇ ಶುರು ಮಾಡ್ತೀನಿ. ಒಂದು ಅನುಮಾನ: ಹೆಸರುಕಾಳು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿದ್ದರೂ ಒಂದೂವರೆ ತಿಂಗಳಿಗೆ ತೂತು ಬೀಳ್ತವಲ್ಲ, ಯಾಕೆ?

ಸುಗ್ಗಿ ಕಣಜ:
ಹುಳ ಹೊರಗಿಂದ ಬರಲ್ಲ ಅಕ್ಕ, ಹೊಲದಿಂದ ಇಲ್ಲವೇ ಗೋದಾಮಿನಿಂದ ಮೊಟ್ಟೆಯಾಗಿ ಕಾಳಿನ ಜೊತೆಗೇ ಬಂದಿರುತ್ತೆ. ಮುಚ್ಚಳ ಎಷ್ಟು ಗಟ್ಟಿ ಇದ್ದರೂ ಒಳಗಿದ್ದದ್ದು ಬೆಳೆಯುತ್ತೆ. ಫ್ರೀಜರ್‌ನಲ್ಲಿ ಜಾಗ ಇದ್ದರೆ 2 ಕೆಜಿ ಕಾಳು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ನಾಲ್ಕೈದು ದಿನ ಇಡಿ. ತೆಗೆದ ಮೇಲೆ ಗಂಟು ಬಿಚ್ಚದೆ ಹೊರಗಿನ ಬಿಸಿಗೆ ಬರೋ ತನಕ ಬಿಡಿ, ಇಲ್ಲಾಂದ್ರೆ ಕಾಳಿನ ಮೇಲೆ ನೀರು ಕೂರುತ್ತೆ. ಫ್ರೀಜರ್ ಇಲ್ಲದಿದ್ದರೆ ಬಾಣಲೆಯಲ್ಲಿ ಕೈಗೆ ಚುರುಕ್ ಅನ್ನೋ ತನಕ ಬೆಚ್ಚಗೆ ಮಾಡಿ, ಆರಿಸಿ ತುಂಬಿ. ಆದರೆ ಹಾಗೆ ಹುರಿದ ಕಾಳು ಮೊಳಕೆ ಬರದೆ ಇರಬಹುದು, ಮೊಳಕೆಗೆ ಬೇಕಾದಷ್ಟು ಬೇರೆ ಇಡಿ. ಕೊಳ್ಳುವಾಗ ಒಂದು ಹಿಡಿ ಅಂಗೈಲಿ ಹರಡಿ ಬೆಳಕಿಗೆ ಹಿಡಿದು ನೋಡಿ. ಹಸಿರು ಕಾಳಿನ ಮೇಲೆ ಸುಣ್ಣ ಸಿಡಿದ ಹಾಗೆ ಸಣ್ಣ ಬಿಳಿ ಚುಕ್ಕೆ ಅಂಟಿದ್ದರೆ ಅದೇ ಮೊಟ್ಟೆ. ಆ ಚೀಲದ್ದು ಬಿಟ್ಟು ಬೇರೆ ಚೀಲದ್ದು ತೂಗಿಸಿ.