ಡಿಒ ಓದಿದ ಮಕ್ಕಳಿಗೆ ರೆಸಿಡೆನ್ಸಿ ಸಿಗುತ್ತಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಅಮೆರಿಕ ಕನ್ನಡ ಪೋಷಕರ ಗುಂಪಿಗೆ ಇವತ್ತು ಡಾಕ್ಟರ್ ಮೇಡಂ ಬಂದಿದ್ದಾರೆ. ಮಿಷಿಗನ್‌ನ ಆಸ್ಪತ್ರೆಯೊಂದರಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆಂಟ್‌ಗಳನ್ನು (ಪದವಿ ಮುಗಿಸಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ, ಪಡೆಯುವ ಡಾಕ್ಟರುಗಳನ್ನು) ಆರಿಸುವ ತಂಡದಲ್ಲಿದ್ದಾರೆ. ಅಮೆರಿಕದಲ್ಲಿ ಡಾಕ್ಟರಾಗಲು ಎಂಡಿ, ಡಿಒ ಅಂತ ಎರಡು ಪದವಿಗಳಿವೆ. ಅವರೂ ಡಿಒ, ಅಂದರೆ ಆಸ್ಟಿಯೋಪಥಿಕ್ ಕಾಲೇಜಿನಲ್ಲಿ ಓದಿದವರು. ಅದಾಗಲೇ ಬಂದಿರುವ ಉತ್ತರ ಓದಿ ಆಮೇಲೆ ಪ್ರಶ್ನೆ ಕೇಳಿ.

ನ್ಯೂಜೆರ್ಸಿ ಅಮ್ಮ: ಮೇಡಂ, ಮಗಳಿಗೆ ಎಂಡಿ ಸೀಟು ಸಿಗಲಿಲ್ಲ, ಡಿಒ ಸಿಕ್ಕಿದೆ. ಸೇರಿಸಬಹುದಾ? ಊರಲ್ಲಿ ‘ಅವರು ಡಾಕ್ಟರಾ, ಮೂಳೆ ಕಟ್ಟೋರಾ’ ಅಂತ ಕೇಳ್ತಾರೆ.

ಡಾಕ್ಟರ್: ಪೂರ್ತಿ ಡಾಕ್ಟರ್. 50 ರಾಜ್ಯಗಳಲ್ಲೂ ಔಷಧ ಬರೆಯಬಹುದು, ಆಪರೇಷನ್ ಮಾಡಬಹುದು. ಹಿಂದೆ ಡಿಒಗಳಿಗೆ ಅಂತಲೇ ಬೇರೆ ರೆಸಿಡೆನ್ಸಿಗಳಿದ್ದವು, ಬೇರೆ ಮ್ಯಾಚ್, ಅಂದರೆ ರೆಸಿಡೆನ್ಸಿ ಸೀಟು ಹಂಚಿಕೆ, ನಡೆಯುತ್ತಿತ್ತು. 2015ರಿಂದ 2020ರ ಒಳಗೆ ಎಲ್ಲವನ್ನೂ ಒಂದೇ ವ್ಯವಸ್ಥೆಗೆ ತಂದರು. ಈಗ ಎಂಡಿ, ಡಿಒ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. 2025ರ ಮ್ಯಾಚ್‌ನಲ್ಲಿ ಕೊನೆ ವರ್ಷದ ಡಿಒ ವಿದ್ಯಾರ್ಥಿಗಳಲ್ಲಿ ಶೇ. 92.6 ಜನರಿಗೆ ಸೀಟು ಸಿಕ್ಕಿತು, ಎಂಡಿಯಲ್ಲಿ ಶೇ. 93.5.

ಆದರೆ ಈ ಅಂಕಿ ನೋಡಿ ಸಮಾಧಾನ ಪಟ್ಟುಕೊಂಡು ಕೂರಬೇಡಿ. ಯಾವುದೋ ಒಂದು ಸೀಟು ಸಿಕ್ಕಿತು ಅನ್ನೋದಷ್ಟೇ ಅದರ ಅರ್ಥ. ಒಂದೇ ವರ್ಷದ ಪ್ರಿಲಿಮಿನರಿ ಸೀಟೂ ಆ ಲೆಕ್ಕದಲ್ಲಿದೆ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್‌ನಲ್ಲಿ ಡಿಒಗಳಿಗೆ ಒಳ್ಳೆ ಅವಕಾಶವಿದೆ. ಚರ್ಮ, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ ಅಂದರೆ ದಾರಿ ತುಂಬಾ ಕಿರಿದು. ಮಗಳಿಗೆ ಏನು ಇಷ್ಟ ಅಂತ ಕೇಳಿ, ಆಮೇಲೆ ನಿರ್ಧರಿಸಿ.

ಡಲ್ಲಾಸ್ ಅಪ್ಪ: ಡಿಒಗಳ ಪರೀಕ್ಷೆ ಕಾಮ್ಲೆಕ್ಸ್ ಒಂದೇ ಸಾಕಾ? ಎಂಡಿಗಳು ಬರೆಯೋ ಯುಎಸ್‌ಎಂಎಲ್‌ಇ ಕೂಡ ಬರೀಬೇಕಾ?

ಡಾಕ್ಟರ್: ಫ್ಯಾಮಿಲಿ ಮೆಡಿಸಿನ್‌ಗೆ ಸಾಮಾನ್ಯವಾಗಿ ಕಾಮ್ಲೆಕ್ಸ್ ಸಾಕು. ಸರ್ಜರಿ ಕಡೆಗೆ, ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಗಳಿಗೆ ಹೋಗಬೇಕಾದರೆ ಯುಎಸ್‌ಎಂಎಲ್‌ಇ ಸ್ಟೆಪ್ 2 ಬರೆದಿರಲಿ. ಸ್ಟೆಪ್ 1, ಕಾಮ್ಲೆಕ್ಸ್ ಲೆವೆಲ್ 1 ಎರಡೂ 2022ರಿಂದ ಬರೀ ಪಾಸ್-ಫೇಲ್. ಹಾಗಾಗಿ ಎರಡನೇ ಪರೀಕ್ಷೆಯ ಅಂಕದ ತೂಕ ಹೆಚ್ಚಿದೆ. ತಯಾರಿ ಇಲ್ಲದೆ ಸುಮ್ನೆ ಬರೆಯೋದು ಬೇಡ, ಫೇಲ್ ಆದರೆ ಆ ದಾಖಲೆ ಅಳಿಸಿ ಹೋಗಲ್ಲ.

ಫ್ರೀಮಾಂಟ್ ಅಮ್ಮ: ಮಗನಿಗೆ 21 ತುಂಬಿ ನಮ್ಮ ಜೊತೆಗಿದ್ದ ಎಚ್-4 ಅವಲಂಬಿತ ವೀಸಾ ಹೋಯಿತು, ಈಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಡಿಒ ಓದುತ್ತಿದ್ದಾನೆ. ರೆಸಿಡೆನ್ಸಿಯವರು ವೀಸಾ ಮಾಡಿಸಿಕೊಡ್ತಾರಾ?

ಸ್ಯಾನ್ ಹೋಸೆ ಅಂಕಲ್: ವಾಟ್ಸಾಪ್‌ನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: ‘ಕಾಮ್ಲೆಕ್ಸ್ ಅಂಕವನ್ನು ಈ ಸೂತ್ರಕ್ಕೆ ಹಾಕಿದರೆ ಯುಎಸ್‌ಎಂಎಲ್‌ಇ ಅಂಕ ಬರುತ್ತದೆ. ನಮ್ಮ ಪ್ಯಾಕೇಜ್ ತಗೊಂಡರೆ ಮ್ಯಾಚ್ ಗ್ಯಾರಂಟಿ, ಎರಡು ರಿಸರ್ಚ್ ಪೇಪರ್ ಉಚಿತ.’

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ಎರಡೂ ಬೇರೆ ಬೇರೆ ಪರೀಕ್ಷೆ. ಇಂಥ ಸೂತ್ರ ನಂಬಿ ಮಕ್ಕಳು ಎಲ್ಲಿ ಅರ್ಜಿ ಹಾಕಬೇಕು ಅಂತ ನಿರ್ಧರಿಸಬಾರದು. ಮ್ಯಾಚ್ ಗ್ಯಾರಂಟಿ ಕೊಡೋಕೆ ಯಾರಿಗೂ ಸಾಧ್ಯವಿಲ್ಲ. ದುಡ್ಡು ಕೊಟ್ಟು ಹಾಕಿಸಿಕೊಂಡ ಪೇಪರ್ ಬಗ್ಗೆ ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು, ಮಕ್ಕಳು ತಡವರಿಸ್ತಾರೆ. ಅಲ್ಲಿಗೆ ಅವರ ಹೆಸರು ಪಟ್ಟಿಯಿಂದ ಹೋಯಿತು.

ಅಟ್ಲಾಂಟಾ ಅಮ್ಮ: ಕಾಮ್ಲೆಕ್ಸ್ ಒಂದೇ ಸಾಕಾ ಮೇಡಂ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಒಹಾಯೋ ಅಪ್ಪ: ಮೇಡಂ, ಎಲ್ಲರೆದುರು ಬರೆಯೋಕೆ ಸಂಕೋಚ. ಮಗ ಡಿಒ ಕೊನೆ ವರ್ಷ. ಬರೀ ಆರ್ಥೋಪೀಡಿಕ್ಸ್‌ಗೆ ಹಾಕಿದ್ದ. ಮಾರ್ಚ್‌ನಲ್ಲಿ ಮ್ಯಾಚ್ ಆಗಲಿಲ್ಲ. ಉಳಿದ ಸೀಟು ಹಂಚುವ ಸೋಪ್‌ನಲ್ಲೂ ಸಿಗಲಿಲ್ಲ. ನೆಂಟರಿಗೆಲ್ಲ ಆಗಿದೆ ಅಂತಲೇ ಹೇಳಿದ್ದೇವೆ. ಒಂದು ತಿಂಗಳಿಂದ ರೂಮಿನಿಂದ ಹೊರಗೆ ಬರುತ್ತಿಲ್ಲ. ಮುಂದಿನ ವರ್ಷ ಮತ್ತೆ ಆರ್ಥೋ ಹಾಕಿಸಲಾ?

ಡಾಕ್ಟರ್: ಅಣ್ಣ, ಮೊದಲು ಮಗ. ಸೀಟಿನ ಮಾತು ಆಮೇಲೆ.

ಊಟ, ನಿದ್ದೆ ಹೇಗಿದೆ ನೋಡಿ. ‘ಸಾಯಬೇಕು ಅನ್ನಿಸ್ತಿದೆಯಾ’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗಲೂ ಇರುತ್ತಾರೆ. ಇಲ್ಲ ಅಂದರೂ ಈ ವಾರ ಅವನನ್ನು ಒಬ್ಬ ಡಾಕ್ಟರಿಗೆ ತೋರಿಸಿ. ನೆಂಟರ ಹತ್ತಿರ ಸುಳ್ಳು ಹೇಳೋದು ನಿಲ್ಲಿಸಿ. ಆ ಸುಳ್ಳನ್ನು ಕಾಯುವ ಕೆಲಸ ಈಗ ಅವನ ತಲೆ ಮೇಲಿದೆ.

ಇನ್ನು ಸೀಟು. ಆರ್ಥೋದಲ್ಲಿ ಒಳ್ಳೆ ಅಂಕದ ಎಂಡಿ ಮಕ್ಕಳೂ ಸೀಟಿಲ್ಲದೆ ಉಳೀತಾರೆ, ಆದ್ದರಿಂದ ಇದನ್ನು ಅವನ ದಡ್ಡತನ ಅಂದುಕೊಳ್ಳಬೇಡಿ. ಡಿಒಗಳಿಗೂ ಅಲ್ಲಿ ಜಾಗವಿದೆ. ಮಿಷಿಗನ್, ಒಹಾಯೋ, ಪೆನ್ಸಿಲ್ವೇನಿಯಾ ಕಡೆ ಹಿಂದೆ ಆಸ್ಟಿಯೋಪಥಿಕ್ ಆಗಿದ್ದ ರೆಸಿಡೆನ್ಸಿ ಪ್ರೋಗ್ರಾಂಗಳು ಈಗಲೂ ಡಿಒಗಳನ್ನು ತಗೋತವೆ. ಅಲ್ಲಿ ಆಡಿಷನ್ ರೊಟೇಷನ್ ಬಹಳ ಮುಖ್ಯ. ಕೆಲವು ವಾರ ಅವರ ಜೊತೆಗೇ ಕೆಲಸ ಮಾಡಿ ತೋರಿಸಬೇಕು. ಮತ್ತೆ, ‘ನನಗೆ ನಿಮ್ಮಲ್ಲಿಗೆ ಬರೋಕೆ ಇಷ್ಟ’ ಅಂತ ತಿಳಿಸುವ ಸಿಗ್ನಲ್‌ಗಳಿವೆ, ಆರ್ಥೋದಲ್ಲಿ 30. ಅವನು ಅವನ್ನು ಎಲ್ಲೆಲ್ಲಿ ಕಳಿಸಿದ್ದ ಅಂತ ಕೇಳಿ. ಡಿಒಗಳನ್ನು ತಗೊಳ್ಳದ ದೊಡ್ಡ ಹೆಸರಿನ ಕಡೆಗೇ ಹೆಚ್ಚು ಕಳಿಸಿದ್ದರೆ ಅವೆಲ್ಲ ದಂಡ.

ಒಂದು ವಿಷಯ ಕಷ್ಟ ಆದರೂ ಹೇಳಬೇಕು. ಮೇಲಿನ ಶೇ. 92.6 ಕೊನೆ ವರ್ಷದವರ ಲೆಕ್ಕ. ಮುಂದಿನ ಸಲ ನಿಮ್ಮ ಮಗ ಹಿಂದಿನ ವರ್ಷ ಪದವಿ ಮುಗಿಸಿದವನಾಗಿ ಬರ್ತಾನೆ, ಅಂಥವರ ಅಂಕಿ ತುಂಬಾ ಕಡಿಮೆ. ಬರೀ ಆರ್ಥೋ ಮತ್ತೆ ಹಾಕೋದು ಬೇಡ. ಈ ವರ್ಷ ಖಾಲಿಯೂ ಹೋಗಬಾರದು. ಜನರಲ್ ಸರ್ಜರಿಯ ಪ್ರಿಲಿಮಿನರಿ ಸೀಟುಗಳು ಸೋಪ್ ಮುಗಿದ ಮೇಲೂ ಕೆಲವು ಉಳಿದಿರುತ್ತವೆ, ಕೆಲಸ ಜುಲೈಗೆ ಶುರು. ಕಾಲೇಜಿನ ಡೀನ್ ಹತ್ತಿರ ನಾಳೆಯೇ ಮಾತಾಡಲಿ. ಅದು ಸಿಗದಿದ್ದರೆ ರಿಸರ್ಚ್ ವರ್ಷ.

ಅವನಿಗೆ ಆರ್ಥೋದಲ್ಲಿ ಏನು ಇಷ್ಟ? ಆಟಗಾರರ ಗಾಯ, ಕೀಲು ನೋವು ಅಂದರೆ ಫ್ಯಾಮಿಲಿ ಮೆಡಿಸಿನ್ ಮುಗಿಸಿ ಸ್ಪೋರ್ಟ್ಸ್ ಮೆಡಿಸಿನ್ ಫೆಲೋಶಿಪ್ ಮಾಡಬಹುದು. ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಷನ್ ಇದೆ, ಅಲ್ಲಿ ಡಿಒಗಳು ತುಂಬಾ ಜನ ಇದ್ದಾರೆ. ಆಪರೇಷನ್ನೇ ಬೇಕು ಅಂದರೆ ಜನರಲ್ ಸರ್ಜರಿಗೂ ಹಾಕಲಿ. ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಆರ್ಥೋನೇ ಆಗಬೇಕು ಅನ್ನೋ ಹಟ ಅವನದಾ, ನಿಮ್ಮದಾ?

ಹೂಸ್ಟನ್ ಅಂಕಲ್: ಅದಕ್ಕೇ ನಾನು ಹೇಳೋದು, ಡಿಒಗಿಂತ ಕೆರಿಬಿಯನ್ ಎಂಡಿ ಮೇಲು. ಹೆಸರಿನ ಮುಂದೆ ಎಂಡಿ ಅಂತಾದ್ರೂ ಇರುತ್ತೆ.

ಚಿಕಾಗೋ ಅಮ್ಮ: ಒಬ್ಬರು ಕಷ್ಟ ಹೇಳ್ಕೊಳ್ತಿದ್ದಾರೆ, ಇಲ್ಲಿ ಈ ಮಾತು ಬೇಕಿತ್ತಾ? ನನ್ನ ಮಗಳು ಡಿಒ. ಸೈಕಿಯಾಟ್ರಿ ರೆಸಿಡೆನ್ಸಿ ಮಾಡ್ತಿದ್ದಾಳೆ.

ಹೂಸ್ಟನ್ ಅಂಕಲ್: ಸೈಕಿಯಾಟ್ರಿ ತಾನೇ. ನಾನು ಸರ್ಜರಿ ಬಗ್ಗೆ ಹೇಳಿದ್ದು.

ಚಿಕಾಗೋ ಅಮ್ಮ: ‘ತಾನೇ’ ಅಂದರೆ ಏನರ್ಥ? ಆ ಹುಡುಗನಿಗೆ ಈಗ ಬೇಕಾಗಿರೋದು ಯಾವ ಡಾಕ್ಟರು ಅಂತ ಗೊತ್ತಾಗಲಿಲ್ವಾ?

ಡಾಕ್ಟರ್: 2025ರಲ್ಲಿ ಹೊರದೇಶದ ಕಾಲೇಜುಗಳಲ್ಲಿ ಓದಿದ ಅಮೆರಿಕ ಪ್ರಜೆಗಳಲ್ಲಿ ಮ್ಯಾಚ್ ಆದವರು ಶೇ. 67.8. ಕೆರಿಬಿಯನ್‌ನಲ್ಲಿ ಓದಿದವರು ಈ ಗುಂಪಿಗೆ ಸೇರುತ್ತಾರೆ. ಸಾಲ ಮಾಡುವ ಮೊದಲು ಈ ಅಂಕಿ ನೋಡಿ.

ಹೂಸ್ಟನ್ ಅಂಕಲ್: ನಿಮ್ಮದು ಡಿಒ, ಅದರ ಪರವಾಗೇ ಮಾತಾಡ್ತೀರಿ.

ಅಡ್ಮಿನ್: ಸರ್, ಇಲ್ಲಿಗೆ ನಿಲ್ಲಿಸಿ. ಇನ್ನೊಂದು ಇಂಥ ಕಾಮೆಂಟ್ ಬಂದರೆ ಗುಂಪಿನಿಂದ ತೆಗೀತೀನಿ.

ಮೈಸೂರು ಫಿಸಿಯೋ: ಅಕ್ಕ, ನಾನು ಬಿಪಿಟಿ ಮುಗಿಸಿ ಆಸ್ಟಿಯೋಪಥಿ ಡಿಪ್ಲೊಮಾ ಮಾಡಿದ್ದೀನಿ. ನಾನೂ ಮ್ಯಾಚ್‌ಗೆ ಹಾಕಬಹುದಾ?

ಡಾಕ್ಟರ್: ಆಗಲ್ಲ. ಅಮೆರಿಕದ ಡಿಒ ನಾಲ್ಕು ವರ್ಷದ ವೈದ್ಯಕೀಯ ಪದವಿ. ಬೇರೆ ದೇಶಗಳ ಆಸ್ಟಿಯೋಪಥಿ ಕೋರ್ಸ್ ಬೇರೆ. ಆಗುತ್ತೆ ಅಂತ ಯಾರಾದರೂ ಫೀಸು ಕೇಳಿದರೆ ಕೊಡಬೇಡಿ.

ಟ್ರಾಯ್ ಅಪ್ಪ: ಮಗಳದು ಮುಂದಿನ ವರ್ಷ ಮ್ಯಾಚ್. ಡೆಟ್ರಾಯ್ಟ್ ಕಡೆ ಹಾಸನದ ಡಾಕ್ಟರೊಬ್ಬರು ಪರಿಚಯ. ಸೋಪ್‌ಗೆ ಬಂದರೆ ಅವರಿಂದ ಪ್ರೋಗ್ರಾಂಗೆ ಒಂದು ಫೋನ್ ಮಾಡಿಸಬಹುದಾ?

ಡಾಕ್ಟರ್: ಮಾಡಿಸಬೇಡಿ. ಪ್ರೋಗ್ರಾಂನವರೇ ಮೊದಲು ಸಂಪರ್ಕಿಸಬೇಕು. ವಿದ್ಯಾರ್ಥಿಯ ಪರವಾಗಿ ಬೇರೆಯವರು ಫೋನ್ ಮಾಡಿದರೂ ನಿಯಮ ಮುರಿದಂತೆ. ಮಗಳಿಗೇ ಪೆಟ್ಟು.

ಟ್ರಾಯ್ ಅಪ್ಪ: ಸುಮ್ನೆ ಹೆಸರು ಹೇಳಿದರೂ?

ಡಾಕ್ಟರ್: ಹೆಸರು ಹೇಳಿದರೂ.

ಒಹಾಯೋ ಅಪ್ಪ: ಮೇಡಂ, ಮಗನನ್ನು ಕೇಳಿದೆ. ಸಾಯೋ ಯೋಚನೆ ಇಲ್ಲ ಅಂದ. ನಿದ್ದೆ ಬರ್ತಿಲ್ಲವಂತೆ. ಆರ್ಥೋ ಹಟ ನನ್ನದೇ ಇರಬಹುದು, ಅವನು ಸ್ಪೋರ್ಟ್ಸ್ ಮೆಡಿಸಿನ್ ಅಂತ ಮೊದಲಿಂದ ಹೇಳ್ತಿದ್ದ.

ಡಾಕ್ಟರ್: ಹಾಗಾದರೆ ಈ ಸಲ ಅವನು ಹೇಳಿದ್ದನ್ನೇ ಮಾಡಲಿ. ನಿದ್ದೆಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇವತ್ತೇ ತಗೊಳ್ಳಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಆದರೆ ಮಾತಾಡಬೇಕಾದವನು ಅವನು, ನೀವಲ್ಲ. ಅವನ ಅರ್ಜಿ ನಾನು ಓದಿ ನೋಡ್ತೀನಿ.

ಫ್ರೀಮಾಂಟ್ ಅಮ್ಮ: ನನ್ನ ವೀಸಾ ಪ್ರಶ್ನೆ ಯಾರೂ ನೋಡಲಿಲ್ಲ.

ಟ್ಯಾಂಪಾ ಅಪ್ಪ: ಮೇಡಂ, ಕಾಮ್ಲೆಕ್ಸ್ ಒಂದೇ ಬರೆದರೆ ಸಾಕಾ?

ಡಾಕ್ಟರ್: ಮೂರನೇ ಸಲ ಇದೇ ಪ್ರಶ್ನೆ. ಮೇಲೆ ಓದಿ. ನನಗೆ ಡ್ಯೂಟಿ ಇದೆ, ಹೊರಡ್ತೀನಿ.