ನವಿಲುತೀರ್ಥದ ಸುತ್ತ ಮಕ್ಕಳ ಜೊತೆ ನಡೆಯಲು ಎಲ್ಲಿಂದ ಶುರು ಮಾಡಬೇಕು?

ಇಬ್ಬರು ಮಕ್ಕಳ ತಾಯಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಸವದತ್ತಿ ಕಡೆಗೆ ಹೊರಡಬೇಕೆಂದಿದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ಹನ್ನೊಂದು. ಜೊತೆಗೆ ಅತ್ತೆಯವರೂ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಆದರೆ ಮನೆಯಲ್ಲಿ ಬಿಟ್ಟು ಹೋದರೆ ನಮಗೇ ಸಮಾಧಾನವಿರುವುದಿಲ್ಲ. ಉದ್ಯಾನ, ಕಾರಂಜಿ, ಜೋಕಾಲಿ ನಮಗೆ ಬೇಡ. ನೀರು ಕಾಣುವ ಕಡೆ, ಗುಡ್ಡ ಇರುವ ಕಡೆ ಮಕ್ಕಳು ತಮ್ಮ ಕಾಲಿನಿಂದ ಒಂದಷ್ಟು ದೂರ ನಡೆಯಬೇಕು, ಅಷ್ಟೇ. ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟಿನ ಜಲಾಶಯ ರೇಣುಕಾ ಸಾಗರವಲ್ಲವೇ, ಅದರ ದಂಡೆಗುಂಟ ಸುತ್ತು ಹಾಕಲು ದಾರಿ ಇದೆಯೇ? ಎಷ್ಟು ಹೊತ್ತು ಬೇಕು? ಹಾವಿನ ಭಯ, ನೀರಿನ ಭಯ ಎರಡೂ ನನಗಿವೆ. ಮಗ ಭೂಪಟ ನೋಡಿ ಒಂದು ಪ್ರಶ್ನೆ ಹಿಡಿದು ಕೂತಿದ್ದಾನೆ: ಎದುರಿಗೆ ಗುಡ್ಡ ಅಡ್ಡ ಇದ್ದರೂ ನದಿ ಬಳಸಿ ಹೋಗದೆ ನಡುವೆಯೇ ಹೇಗೆ ತೂರಿತು? ಗೊತ್ತಿದ್ದವರು ಅದನ್ನೂ ಹೇಳಿ.

ಹುಕ್ಕೇರಿಯವ

ಅಕ್ಕಾವರೇ, ಹಿಡಕಲ್ ಕಡೆಗೂ ಒಮ್ಮೆ ಯೋಚನೆ ಮಾಡಿ. ಘಟಪ್ರಭೆಯ ಮೇಲಿನ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿಯದು, ಮಲಪ್ರಭೆಯ ಜಲಾಶಯಕ್ಕಿಂತ ದೊಡ್ಡದು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ಗುಡಿ ಹಿನ್ನೀರಿನಿಂದ ಮೇಲೇಳುತ್ತದೆ, ಜನ ನಡೆದುಕೊಂಡೇ ಹೋಗಿ ದರ್ಶನ ಮಾಡುತ್ತಾರೆ. ಆದರೆ ದೀಪಾವಳಿ ಹೊತ್ತಿಗೆ ಗುಡಿ ನೀರಿನಲ್ಲೇ ಇರುತ್ತದೆ. ನೀವು ಹೇಳುವ ತಿಂಗಳಿಗೆ ನವಿಲುತೀರ್ಥವೇ ಸರಿ, ನಮ್ಮ ಕಡೆಗೆ ಬೇಸಿಗೆ ರಜೆಯಲ್ಲಿ ಬನ್ನಿ.

ಎಡದಂಡೆಯ ರೈತ, ಮುನವಳ್ಳಿ

ಅಕ್ಕಾವರೇ, ಮೊದಲು ಸುತ್ತು ಹಾಕುವ ಆಸೆ ಬಿಡಿ. ಇದು ಊರ ಮುಂದಿನ ಕೆರೆಯಲ್ಲ. 37.73 ಟಿಎಂಸಿ ನೀರು, ತುಂಬಿದ ಮಟ್ಟ ಸಮುದ್ರಮಟ್ಟದಿಂದ 2079.50 ಅಡಿ. ಹಿನ್ನೀರು ಹಳ್ಳಕೊಳ್ಳಗಳ ಒಳಕ್ಕೆಲ್ಲ ಬೆರಳು ಚಾಚಿಕೊಂಡು ಹೋಗಿದೆ. ದಂಡೆಗುಂಟ ಹೊರಟರೆ ಒಂದು ಕೊಳ್ಳ ಬಳಸಲು ಅರ್ಧ ದಿನ ಹಿಡಿಯುತ್ತದೆ, ಮುಂದೆ ಇನ್ನೊಂದು ಕೊಳ್ಳ ಕಾದಿರುತ್ತದೆ. ದಂಡೆಯೂ ನಂಬುವಂಥದ್ದಲ್ಲ. ಎರೆಮಣ್ಣು ಮೇಲೆ ಒಣಗಿ ಬಿರಿದಂತೆ ಕಾಣುತ್ತದೆ, ಕಾಲಿಟ್ಟರೆ ಒಳಗೆ ಕೆಸರು. ಮೊಣಕಾಲವರೆಗೆ ಹೂತ ಎಮ್ಮೆಯನ್ನು ಹಗ್ಗ ಹಾಕಿ ಎಳೆಯುವುದನ್ನು ನಾವು ಕಾಣುತ್ತಲೇ ಇರುತ್ತೇವೆ. ಮಕ್ಕಳನ್ನು ನೀರಿನ ಅಂಚಿಗೆ ಬಿಡಲೇಬೇಡಿ. ನೀರನ್ನು ಗುಡ್ಡದ ಮೇಲಿನಿಂದ ನೋಡಬೇಕು. ನಾನು ನಮ್ಮ ಅಣ್ಣನ ಮಕ್ಕಳನ್ನು ಕರೆದೊಯ್ಯುವುದೂ ಹಾಗೆಯೇ.

ಬೆಳಗಾವಿಯಿಂದ ಯರಗಟ್ಟಿ ಮೇಲೆ ಬಂದರೆ ಮೊದಲು ಮುನವಳ್ಳಿ, ಆಮೇಲೆ ಸವದತ್ತಿ. ಇವೆರಡರ ನಡುವೆ ಅಣೆಕಟ್ಟು. ಕಮರಿ ಇಕ್ಕಟ್ಟಾಗಿರುವುದರಿಂದ ಕಟ್ಟೆಯ ಉದ್ದ ಕಡಿಮೆಯೇ ಇದೆ. ಇಷ್ಟು ನೀರನ್ನು ಹಿಡಿದು ನಿಲ್ಲಿಸಿದ್ದು ಇಷ್ಟೇ ಕಟ್ಟೆಯೇ ಎಂದು ಬಂದವರಿಗೆಲ್ಲ ಅಚ್ಚರಿ. ನಿಲ್ಲಿಸಿದ್ದು ಎರಡೂ ಬದಿಯ ಗುಡ್ಡಗಳು, ಕಟ್ಟೆ ನಡುವಿನ ಬಾಗಿಲನ್ನು ಮುಚ್ಚಿದೆ ಅಷ್ಟೇ. ಕಟ್ಟೆಯ ಬಳಿ ಕಾವಲಿರುತ್ತದೆ, ಅವರು ಬೇಡವೆಂದ ಕಡೆ ಹೋಗಬೇಡಿ. ಪಕ್ಕದ ಗುಡ್ಡಕ್ಕೆ ಕುರಿ ಕಾಯುವವರು ತುಳಿದು ಮಾಡಿದ ಕಾಲುದಾರಿಗಳಿವೆ. ಅವುಗಳಲ್ಲಿ ಒಂದನ್ನು ಹಿಡಿದು ನಿಧಾನವಾಗಿ ಏರಿ. ಆರು ವರ್ಷದ ಮಗು ಕೂಡ ಎರಡು ಸಲ ಕೂತು ಎದ್ದು ತುದಿ ಮುಟ್ಟುತ್ತದೆ. ಮೇಲೆ ನಿಂತರೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ನಮ್ಮ ಮುನವಳ್ಳಿಯ ಬಯಲು. ಕಮರಿಯ ಅಂಚಿಗೆ ಮಾತ್ರ ಹೋಗಬೇಡಿ. ಬಂಡೆಯ ಸಂದಿನಲ್ಲಿ ಹೆಜ್ಜೇನು ಕಟ್ಟಿರುತ್ತವೆ, ಆದ್ದರಿಂದ ಬೆಂಕಿ ಹಚ್ಚುವುದು, ಅತ್ತರು ಪೂಸಿಕೊಂಡು ಬರುವುದು ಎರಡೂ ಕೂಡದು.

ಏರುವಾಗ ಮಕ್ಕಳಿಗೆ ಕಾಲ ಕೆಳಗಿನ ಕಲ್ಲು ನೋಡಲು ಹೇಳಿ. ಇಲ್ಲಿಯ ಕಲ್ಲು ಬೆಳಗಾವಿ ಕಡೆಯ ಕರಿಕಲ್ಲಲ್ಲ. ನಸುಗೆಂಪು, ಬಿಳಿ, ಮುರಿದ ಕಡೆ ಸಕ್ಕರೆಯ ಹಾಗೆ ಹೊಳೆಯುವ ಕಣ. ಕೆಲವು ಹಾಸುಬಂಡೆಗಳ ಮೇಲೆ ಸಾಲುಸಾಲು ಏರಿಳಿತದ ಗೆರೆಗಳಿರುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ಅವು ಎದ್ದು ಕಾಣುತ್ತವೆ, ನೆತ್ತಿಯ ಬಿಸಿಲಿನಲ್ಲಿ ಮಾಯವಾಗುತ್ತವೆ. ಅಂಗೈ ಇಟ್ಟು ಸವರಿದರೆ ಒಂದೊಂದು ಏಣೂ ಬೆರಳಿಗೆ ಸಿಗುತ್ತದೆ. ಆಳವಿಲ್ಲದ ನೀರಿನ ತಳದ ಮರಳಿನ ಮೇಲೆ ಅಲೆಗಳು ಬಿಡಿಸಿದ ಗೆರೆಗಳು ಅವು. ಮರಳು ಹಾಗೆಯೇ ಗಟ್ಟಿಯಾಗಿ ಕಲ್ಲಾಯಿತು. ಭೂವಿಜ್ಞಾನಿಗಳು ಈ ಪದರಕ್ಕೆ ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ, ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು, ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಈ ಕಲ್ಲಿನ ಮೇಲೆ ಎಷ್ಟೋ ಪ್ರವಾಸಿಗರು ಹೆಸರು ಕೆತ್ತಿ ಹೋಗುತ್ತಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ನಿಮ್ಮ ಮಕ್ಕಳಿಗೆ ಈಗಲೇ ಹೇಳಿಕೊಡಿ.

ಇನ್ನು ನಿಮ್ಮ ಮಗನ ಪ್ರಶ್ನೆ. ನಮ್ಮ ಅಜ್ಜಿ ಹೇಳುತ್ತಿದ್ದುದು ಬೇರೆ: ನದಿ ಗುಡ್ಡದ ಬುಡಕ್ಕೆ ಬಂದು ದಾರಿ ಕಾಣದೆ ನಿಂತಿತ್ತಂತೆ, ಮೇಲಿದ್ದ ನವಿಲು ಕೂಗಿತಂತೆ, ಗುಡ್ಡ ಬಿರಿದು ದಾರಿ ಬಿಟ್ಟಿತಂತೆ. ಮಗಳಿಗೆ ಈ ಕಥೆ ಸಾಕು. ಮಗನಿಗೆ ಹೀಗೆ ಹೇಳಿ: ಗುಡ್ಡ ಮೊದಲು, ನದಿ ಆಮೇಲೆ ಎಂದು ತಿಳಿಯುವುದರಿಂದಲೇ ಗೊಂದಲ. ಹಿಂದೆ ಸುತ್ತಲಿನ ನೆಲವೂ ಎತ್ತರದಲ್ಲೇ ಇತ್ತು, ನದಿ ಅದರ ಮೇಲೆ ಹರಿಯುತ್ತಿತ್ತು. ಮೆದು ನೆಲ ಬೇಗ ಸವೆದು ತಗ್ಗಾಯಿತು, ಗಟ್ಟಿ ಕಲ್ಲು ಗುಡ್ಡವಾಗಿ ಉಳಿಯಿತು. ಅಷ್ಟರಲ್ಲಿ ನದಿ ಮರಳು, ಹರಳು ಹೊತ್ತು ತನ್ನ ದಾರಿಯನ್ನು ಕೊರೆಯುತ್ತಲೇ ಇತ್ತು. ಹಾಗಾಗಿ ಬಳಸಿ ಹೋಗುವ ಪ್ರಸಂಗವೇ ಬರಲಿಲ್ಲ.

ಕಾಲದ ವಿಷಯ. ನೀವು ಆರಿಸಿದ್ದು ಒಳ್ಳೆಯ ಕಾಲ. ಮಳೆಗಾಲದಲ್ಲಿ ಬರಬೇಡಿ. ನಮ್ಮಲ್ಲಿ ಹನಿ ಇಲ್ಲದಿದ್ದರೂ ಖಾನಾಪುರದ ಕಾಡಿನಲ್ಲಿ, ನದಿ ಹುಟ್ಟುವ ಕಣಕುಂಬಿಯಲ್ಲಿ ಸುರಿದ ಮಳೆ ಇಲ್ಲಿಗೆ ಬರುತ್ತದೆ. ಆಕಾಶ ನೋಡಿ ಈ ನದಿಯನ್ನು ಅಳೆಯಲು ಆಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಬಿಟ್ಟ ನೀರು ಮುನವಳ್ಳಿಗೆ ನುಗ್ಗಿತು, ರಾಮದುರ್ಗವನ್ನೂ ಪಟ್ಟದಕಲ್ಲನ್ನೂ ಮುಟ್ಟಿತು. ಗೇಟು ತೆರೆಯುವ ದಿನಗಳಲ್ಲಿ ಕಟ್ಟೆಯ ಕೆಳಗಿನ ನದಿಪಾತ್ರಕ್ಕೆ ಯಾರೂ ಇಳಿಯಬಾರದು. ಕಾಲುವೆಯ ಏರಿಯ ಮೇಲೆ ನಡೆಯುವುದು ಚೆಂದ, ಆದರೆ ಸಣ್ಣ ಮಕ್ಕಳ ಜೊತೆ ಬೇಡ. ನೀರು ಶಾಂತವಾಗಿ ಕಾಣುತ್ತದೆ, ಸೆಳೆತ ಜೋರಿರುತ್ತದೆ, ಜಾರಿದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.

ಇನ್ನೊಂದು ಮಾತು. ಇದು ಬರೀ ನೋಡುವ ನೀರಲ್ಲ. ಹುಬ್ಬಳ್ಳಿ-ಧಾರವಾಡದವರು ಕುಡಿಯುವುದು ಇದನ್ನೇ. ಬಲದಂಡೆ ಕಾಲುವೆ ನವಲಗುಂದ, ನರಗುಂದದ ಕಡೆಗೆ ಹೋಗುತ್ತದೆ. 1980ರಲ್ಲಿ ಅಲ್ಲಿಯ ರೈತರು ಈ ಕಾಲುವೆಯ ಕರದ ವಿಚಾರಕ್ಕಾಗಿಯೇ ಎದ್ದು ನಿಂತು ಪ್ರಾಣ ಕೊಟ್ಟರು. ನನ್ನ ಗೋವಿನಜೋಳಕ್ಕೂ ಇದೇ ನೀರು. ನೀವು ಒಯ್ದ ಚೀಲ, ಬಾಟಲಿ ನಿಮ್ಮ ಜೊತೆಯೇ ವಾಪಸ್ ಹೋಗಲಿ.

ಇಬ್ಬರು ಮಕ್ಕಳ ತಾಯಿ, ಬೆಳಗಾವಿ

ಅಣ್ಣಾವರೇ, ಇಷ್ಟು ಬಿಡಿಸಿ ಬರೆದಿದ್ದೀರಿ, ಬಹಳ ಉಪಕಾರವಾಯಿತು. ಮಗ ನಿಮ್ಮ ಉತ್ತರವನ್ನು ಎರಡು ಸಲ ಓದಿಸಿಕೊಂಡ. ಈಗ ಅಲೆಯ ಕಲ್ಲು ನೋಡದೆ ಬಿಡುವುದಿಲ್ಲ ಎನ್ನುತ್ತಿದ್ದಾನೆ. ನಾವು ಗುಡ್ಡ ಏರಿ ಇಳಿಯುವವರೆಗೆ ಅತ್ತೆಯವರನ್ನು ಎಲ್ಲಿ ಕೂರಿಸಬೇಕು? ಯಲ್ಲಮ್ಮನ ಗುಡ್ಡಕ್ಕೂ ಹೋಗಬೇಕು ಎನ್ನುತ್ತಿದ್ದಾರೆ.

ಸವದತ್ತಿ ಸೊಸೆ

ತಂಗೀ, ನಿಮ್ಮ ಅತ್ತೆಯವರನ್ನು ಕಾಯಿಸಿ ಕೂರಿಸುವುದು ಏಕೆ? ಅವರಿಗೂ ಒಂದು ತಿರುಗಾಟ ಮಾಡಿ. ಸವದತ್ತಿ ಕೋಟೆ ಊರಿನಲ್ಲೇ ಇದೆ. ಹದಿನೆಂಟನೆಯ ಶತಮಾನದಲ್ಲಿ ಸಿರಸಂಗಿಯ ಜಾಯಪ್ಪ ದೇಸಾಯಿ ಕಟ್ಟಿಸಿದ್ದು, ಎಂಟು ಕೊತ್ತಲಗಳು. ಒಳಗೆ ಕಾಡಸಿದ್ಧೇಶ್ವರನ ಗುಡಿ. ಗುಡಿಯ ಸುತ್ತಲಿನ ಗೋಡೆಯ ಕಲ್ಲುಗಳಲ್ಲಿ ಕೆತ್ತಿದ ಚಿತ್ತಾರಗಳನ್ನು ತಪ್ಪದೆ ತೋರಿಸಿ. ಒಂದರಂತೆ ಇನ್ನೊಂದಿಲ್ಲ, ಥೇಟ್ ನಮ್ಮ ಅಂಗಳದ ರಂಗೋಲಿ. ನಮ್ಮ ಅತ್ತೆ ಒಂದು ನೋಟ್‌ಬುಕ್ ತರಿಸಿಕೊಂಡು ಬರೆದುಕೊಂಡರು. ನಿಮ್ಮ ಮಗಳ ಕೈಯಲ್ಲೂ ಪೆನ್ಸಿಲ್ ಕೊಟ್ಟು ಅಜ್ಜಿಯ ಜೊತೆ ಬಿಡಿ. ಯಜಮಾನರು ಮಗನನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿ ಬರಲಿ, ಆಮೇಲೆ ನೀವು ಅದಲುಬದಲು ಮಾಡಿಕೊಳ್ಳಿ.

ಯಲ್ಲಮ್ಮನ ದರ್ಶನಕ್ಕೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಬನ್ನಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಂತೂ ಚಕ್ಕಡಿ, ಟ್ರ್ಯಾಕ್ಟರ್, ಲಾರಿಗಳ ಸಾಲಿನಲ್ಲಿ ದಾರಿಯೇ ಸಿಗುವುದಿಲ್ಲ. ಆ ಜಾತ್ರೆಯನ್ನು ನೋಡಲೇಬೇಕು ನಿಜ, ಆದರೆ ನಡೆದಾಡುವ ಆಸೆ ಇಟ್ಟುಕೊಂಡು ಆ ದಿನ ಬರಬಾರದು. ಗುಡ್ಡದಲ್ಲಿ ಮಂಗಗಳಿವೆ, ಬುತ್ತಿಯ ಚೀಲವನ್ನು ಮಗುವಿನ ಕೈಗೆ ಕೊಡಬೇಡಿ.

ಹಿನ್ನೀರಿನವಳು

ರೈತ ಅಣ್ಣನವರು ಬರೆದದ್ದಕ್ಕೆ ಒಂದನ್ನು ಸೇರಿಸುತ್ತೇನೆ. ನಮ್ಮ ತಾಯಿಯ ತವರೂರು ಈ ನೀರಿನ ಕೆಳಗಿದೆ. ಕಟ್ಟೆ ಕಟ್ಟಿದಾಗ ಅಜ್ಜ ಮನೆಯ ತೊಲೆ, ಬಾಗಿಲುಗಳನ್ನು ಕಿತ್ತು ಚಕ್ಕಡಿಗೆ ಹೇರಿಕೊಂಡು ಎದ್ದು ಬಂದರು. ಆ ಬಾಗಿಲು ಈಗಲೂ ನಮ್ಮ ಮನೆಯಲ್ಲಿದೆ. ಗುಡ್ಡದ ಮೇಲೆ ನಿಂತು ಮಕ್ಕಳಿಗೆ ನೀರು ತೋರಿಸುವಾಗ ಅಲ್ಲಿ ಹೊಲಗಳಿದ್ದವು, ಮನೆಗಳಿದ್ದವು ಎಂದು ಹೇಳಿ. ಕುಡಿಯುವವರಿಗೆ ನೀರು ಬಂದದ್ದು ಯಾರ ಅಂಗಳದ ಮೇಲಿಂದ ಎಂಬುದು ಅವರಿಗೂ ಗೊತ್ತಿರಲಿ.

ಎಡದಂಡೆಯ ರೈತ, ಮುನವಳ್ಳಿ

ನಿಜ ತಂಗೀ, ಅದನ್ನು ಹೇಳಲೇಬೇಕು.

ಬೆಳಗಾವಿಯ ಅಕ್ಕಾವರಿಗೆ ಹಾವಿನ ಬಗ್ಗೆ ಹೇಳುವುದು ಉಳಿಯಿತು. ದೀಪಾವಳಿಯ ಹೊತ್ತಿಗೆ ಗುಡ್ಡದ ಹುಲ್ಲು ಸೊಂಟದವರೆಗೆ ಬೆಳೆದು ಒಣಗಲು ಶುರುವಾಗಿರುತ್ತದೆ. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಕಲ್ಲು ಎತ್ತಿ ನೋಡಬೇಡಿ, ಕೈಯಲ್ಲಿ ಒಂದು ಕೋಲು ಇರಲಿ. ಚಪ್ಪಲಿ ಬೇಡ, ಮಕ್ಕಳಿಗೆ ಶಾಲೆಯ ಬೂಟು ಸಾಕು. ಉದ್ದ ಪ್ಯಾಂಟ್ ಹಾಕಿಸಿ, ಹುಲ್ಲಿನ ಮುಳ್ಳು ಕಾಲುಚೀಲಕ್ಕೆಲ್ಲ ಹತ್ತಿಕೊಳ್ಳುತ್ತದೆ. ನಸುಕಿನಲ್ಲೇ ಮನೆ ಬಿಟ್ಟರೆ ಎಳೆ ಬಿಸಿಲಿಗೆ ಗುಡ್ಡದ ಬುಡ ಸೇರುತ್ತೀರಿ, ಹನ್ನೊಂದರ ಒಳಗೆ ಕೆಳಗೆ ಇಳಿದುಬಿಡಿ. ಮೇಲೆ ನೆರಳಿಲ್ಲ, ನೀರೂ ಇಲ್ಲ. ಕಣ್ಣೆದುರು ಅಷ್ಟು ನೀರಿದ್ದರೂ ಕುಡಿಯಲು ನೀವೇ ಹೊತ್ತು ಒಯ್ಯಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಳ್ಳಿ, ಬಿಸಿಲಿಗೆ ಕೆಡುವಂಥದ್ದು ಬೇಡ.

ದಾರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಸೀತಾಫಲ ಮಾರುತ್ತಾ ಕುಳಿತಿದ್ದರೆ ಅವರ ಹತ್ತಿರವೇ ಕೊಳ್ಳಿ, ಚೌಕಾಸಿ ಮಾಡಬೇಡಿ. ನಸುಕಿನಲ್ಲಿ ಗುಡ್ಡ ತಿರುಗಿ ಕಿತ್ತು ತಂದ ಹಣ್ಣು ಅದು. ಮತ್ತೊಮ್ಮೆ ಬರುವ ಮನಸ್ಸಿದ್ದರೆ ಸಂಕ್ರಾಂತಿಯ ಆಚೀಚೆ ಬನ್ನಿ, ಎರೆಹೊಲಗಳಲ್ಲಿ ಜೋಳದ ಸೀತನಿ (ಸುಟ್ಟು ತಿನ್ನುವ ಎಳೆ ತೆನೆ), ಹಸಿ ಕಡಲೆ ಎರಡೂ ಸಿಗುತ್ತವೆ. ಹೊಲದವರನ್ನು ಕೇಳಿ ಕೀಳಿ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.