ಇಜ್ತಿಹಾದ್, ತಕ್ಲೀದ್: ಯಾರ ಪಕ್ಷವನ್ನೂ ವಹಿಸದ ಕನ್ನಡ ಪದಗಳು ಬೇಕಾಗಿವೆ

ಮಿತ್ರರೇ,

ಇಸ್ಲಾಮಿನ ನ್ಯಾಯಚಿಂತನೆಯನ್ನು ಕುರಿತ ಕೆಲವು ಪ್ರಬಂಧಗಳ ಕನ್ನಡ ಅನುವಾದವನ್ನು ತಿದ್ದುತ್ತಿದ್ದೇನೆ. ಅನುವಾದಕರು ‘ಇಜ್ತಿಹಾದ್’ ಬಂದಲ್ಲೆಲ್ಲ ‘ಸ್ವತಂತ್ರ ಚಿಂತನೆ’ ಎಂದೂ ‘ತಕ್ಲೀದ್’ ಬಂದಲ್ಲೆಲ್ಲ ‘ಅಂಧಾನುಕರಣೆ’ ಎಂದೂ ಬರೆದಿದ್ದಾರೆ. ಓದಲು ಸಲೀಸಾಗಿದೆ. ಆದರೆ ಸಂಪ್ರದಾಯದ ವಿದ್ವಾಂಸರಿಗೂ ಆಧುನಿಕರಿಗೂ ನಡುವಿನ ಜಗಳವೇ ಈ ಎರಡು ಪದಗಳದ್ದು. ಈ ಅನುವಾದವನ್ನು ಹಾಗೆಯೇ ಬಿಟ್ಟರೆ, ಒಂದು ಪಕ್ಷದವರು ಬಾಯಿ ತೆರೆಯುವ ಮೊದಲೇ ಅವರ ವಿರುದ್ಧ ತೀರ್ಪು ಬರೆದಂತಾಗುತ್ತದೆ.

ಮೊದಲು ಇಜ್ತಿಹಾದ್. ಇದರ ಧಾತು ಜ-ಹ-ದ, ಅಂದರೆ ಶ್ರಮಪಡು. ಪತ್ರಿಕೆಗಳ ಮೂಲಕ ನಮಗೆ ಪರಿಚಿತವಾದ ‘ಜಿಹಾದ್’ ಕೂಡ ಅದೇ ಧಾತುವಿನ ಕೂಸು. ಇಜ್ತಿಹಾದ್ ಎಂದರೆ ಧರ್ಮವಿಧಿಯೊಂದನ್ನು ಅರಿಯಲು ಪಂಡಿತನು ತನ್ನ ಶಕ್ತಿಯನ್ನೆಲ್ಲ ವ್ಯಯಿಸುವುದು ಎಂಬುದು 1111ರಲ್ಲಿ ತೀರಿಕೊಂಡ ಧರ್ಮಪಂಡಿತ ಗಜಾಲಿಯ ವಿವರಣೆ. ಅದರಲ್ಲಿ ‘ಸ್ವತಂತ್ರ’ ಎಂಬುದರ ಸುಳಿವೇ ಇಲ್ಲ. ನ್ಯಾಯಪಂಥವೊಂದರ ಮೂಲಪುರುಷರಾದ ಶಾಫಿಈ (767–820) ಇನ್ನೂ ಬಿಗಿ: ಇಜ್ತಿಹಾದ್ ಮತ್ತು ಕಿಯಾಸ್, ಅಂದರೆ ಸಾದೃಶ್ಯದಿಂದ ತೀರ್ಮಾನಿಸುವುದು, ಒಂದೇ ಅರ್ಥದ ಎರಡು ಹೆಸರುಗಳು ಎಂದರು. ಅವರು ಕೊಡುವ ಉದಾಹರಣೆ ನನಗೆ ಬಹಳ ಹಿಡಿಸಿತು. ಕಾಬಾ ಕಣ್ಣಿಗೆ ಬೀಳುವ ಜಾಗದಲ್ಲಿರುವವನಿಗೆ ಯಾವ ಕಡೆ ತಿರುಗಿ ನಮಾಜು ಮಾಡಬೇಕೆಂಬ ಪ್ರಶ್ನೆಯೇ ಇಲ್ಲ. ದೂರದಲ್ಲಿರುವವನು ನಕ್ಷತ್ರ, ಬೆಟ್ಟ, ಗಾಳಿ ಇವುಗಳ ಗುರುತು ಹಿಡಿದು ದಿಕ್ಕನ್ನು ಹುಡುಕಬೇಕು. ಇಬ್ಬರು ಹುಡುಕಿ ಎರಡು ದಿಕ್ಕುಗಳನ್ನು ಕಂಡುಕೊಂಡರೆ, ಅವರವರು ಕಂಡುಕೊಂಡ ಕಡೆಗೆ ತಿರುಗಬೇಕು. ಹುಡುಕದೆ ತೋಚಿದ ಕಡೆ ತಿರುಗುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ. ಇದನ್ನು ‘ಸ್ವತಂತ್ರ ಚಿಂತನೆ’ ಎನ್ನಲು ನನಗಂತೂ ನಾಲಿಗೆ ಏಳುತ್ತಿಲ್ಲ.

ಇನ್ನೊಂದು ತೊಡಕಿದೆ. ಇಜ್ತಿಹಾದ್ ಮಾಡಬಲ್ಲವನು ಮುಜ್ತಹಿದ್. ಅವರಲ್ಲಿ ದರ್ಜೆಗಳಿವೆ: ಯಾವ ನ್ಯಾಯಪಂಥದ (ಮದ್‌ಹಬ್‌ನ) ಕಟ್ಟಿಗೂ ಒಳಪಡದವನು ‘ಮುಜ್ತಹಿದ್ ಮುತ್ಲಕ್’, ತನ್ನ ಮದ್‌ಹಬ್‌ನ ಸೂತ್ರಗಳಿಗೆ ಬದ್ಧನಾಗಿದ್ದು ಹೊಸ ಪ್ರಶ್ನೆಗಳನ್ನು ಬಿಡಿಸುವವನು ‘ಮುಜ್ತಹಿದ್ ಫಿಲ್ ಮದ್‌ಹಬ್’. ಅನುವಾದಕರ ದಾರಿ ಹಿಡಿದರೆ ಮೊದಲನೆಯವನು ‘ಸ್ವತಂತ್ರ ಸ್ವತಂತ್ರಚಿಂತಕ’, ಎರಡನೆಯವನು ‘ಪರತಂತ್ರ ಸ್ವತಂತ್ರಚಿಂತಕ’ ಆಗಬೇಕಾಗುತ್ತದೆ! ಕರಡಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ಇದೆ.

ಹಾಗೆಂದು ಅನುವಾದಕರು ಗಾಳಿಯಲ್ಲಿ ಗುಂಡು ಹಾರಿಸಿಲ್ಲ. 1930ರಲ್ಲಿ ಪುಸ್ತಕವಾಗಿ ಬಂದ ತಮ್ಮ ಉಪನ್ಯಾಸಗಳಲ್ಲಿ ಕವಿ, ಚಿಂತಕ ಮುಹಮ್ಮದ್ ಇಕ್ಬಾಲ್, ಕಾನೂನಿನ ಪ್ರಶ್ನೆಯೊಂದರಲ್ಲಿ ಸ್ವತಂತ್ರ ತೀರ್ಮಾನಕ್ಕೆ ಬರಲು ಪಡುವ ಶ್ರಮ ಎಂದು ಇಜ್ತಿಹಾದನ್ನು ವಿವರಿಸಿದರು. ಇಸ್ಲಾಮಿನ ರಚನೆಯೊಳಗಿನ ಚಲನತತ್ವವೇ ಅದು ಎಂದರು. ಪಂಥಗಳ ಪ್ರತಿನಿಧಿಗಳಾದ ಬಿಡಿ ವ್ಯಕ್ತಿಗಳ ಕೈಯಿಂದ ಆ ಅಧಿಕಾರ ಶಾಸನಸಭೆಗೆ ದಾಟಬೇಕೆಂದೂ ವಾದಿಸಿದರು. ಅವರಿಗಿಂತ ಮೊದಲು ಈಜಿಪ್ಟಿನ ಸುಧಾರಕ ಮುಹಮ್ಮದ್ ಅಬ್ದುಹು (1849–1905), ನಂತರ ಪಾಕಿಸ್ತಾನದ ವಿದ್ವಾಂಸ ಫಜ್ಲುರ್ ರಹಮಾನ್ (1919–1988) ಈ ಪದವನ್ನು ತಮ್ಮ ತಮ್ಮ ರೀತಿಯಲ್ಲಿ ಹಿಗ್ಗಿಸಿದವರೇ. ಫಜ್ಲುರ್ ರಹಮಾನರದು ಎರಡು ಹೆಜ್ಜೆಗಳ ವಿಧಾನ: ವಚನವೊಂದು ಅವತರಿಸಿದ ಕಾಲದ ಸಂದರ್ಭಕ್ಕೆ ಹೋಗಿ ಅದರ ಹಿಂದಿನ ನೈತಿಕ ತತ್ವವನ್ನು ಗ್ರಹಿಸುವುದು, ಆಮೇಲೆ ಆ ತತ್ವವನ್ನು ಹಿಡಿದು ಇಂದಿನ ಸಮಸ್ಯೆಗೆ ಮರಳುವುದು. ಇವರ ಬರಹಗಳಲ್ಲಿ ‘ಸ್ವತಂತ್ರ ವಿವೇಚನೆ’ ಹೊಂದುತ್ತದೆ. ಅದೇ ಪದವನ್ನು ಶಾಫಿಈ ಅವರ ಬಾಯಿಗೆ ತುರುಕಿದಾಗ ಎಡವಟ್ಟಾಗುತ್ತದೆ. ಇಕ್ಬಾಲರು ಅರ್ಥವನ್ನು ಎಷ್ಟು ದೂರ ಎಳೆದರು ಎಂಬುದು ಕಾಣಬೇಕಾದರೆ, ಎಳೆಯುವ ಮೊದಲು ಅದು ಎಲ್ಲಿತ್ತು ಎಂಬುದು ಓದುಗರಿಗೆ ಗೊತ್ತಿರಬೇಕಲ್ಲವೇ?

ಈಗ ತಕ್ಲೀದ್. ಅರಬ್ಬಿಯಲ್ಲಿ ‘ಕಿಲಾದ’ ಎಂದರೆ ಕೊರಳಹಾರ. ತಕ್ಲೀದ್ ಎಂದರೆ ಕೊರಳಿಗೆ ತೊಡಿಸುವುದು, ಅಂದರೆ ಹೊಣೆಯನ್ನು ಬಲ್ಲವನೊಬ್ಬನ ಕೊರಳಿಗೆ ಹಾಕಿ ಅವನ ಮಾತಿನಂತೆ ನಡೆಯುವುದು. ಆಧಾರ ಕೇಳದೆ ಇನ್ನೊಬ್ಬರ ಮಾತನ್ನು ಒಪ್ಪುವುದು ಎಂಬುದು ಶಾಸ್ತ್ರಕಾರರ ಲಕ್ಷಣವಾಕ್ಯ. ಇದನ್ನು ಬೈಗುಳವಾಗಿ ಬಳಸಿದವರು ಇದ್ದಾರೆ. ಯೆಮೆನ್‌ನ ವಿದ್ವಾಂಸ ಶೌಕಾನಿ (1759–1834) ಇದರ ವಿರುದ್ಧ ಕಟುವಾಗಿಯೇ ಬರೆದರು. ಆದರೆ ದ್ವಾದಶ ಇಮಾಮರನ್ನು ನಂಬುವ ಶಿಯಾಗಳ ಉಸೂಲಿ ಪಂಥದಲ್ಲಿ ಸಾಮಾನ್ಯ ಭಕ್ತನು ಮುಜ್ತಹಿದ್ ಒಬ್ಬರಿಗೆ ತಕ್ಲೀದ್ ಮಾಡುವುದು ಕರ್ತವ್ಯ. ಕರಡಿನಲ್ಲಿ ಆ ವಾಕ್ಯ ‘ಸಾಮಾನ್ಯರು ಅಂಧಾನುಕರಣೆ ಮಾಡಲೇಬೇಕು ಎಂಬುದು ಇವರ ನಿಯಮ’ ಎಂದಾಗಿದೆ. ಯಾವ ಪಂಥವಾದರೂ ತನ್ನನ್ನು ಹೀಗೆ ಬಣ್ಣಿಸಿಕೊಳ್ಳುತ್ತದೆಯೇ? ಮದ್ದಿನ ಗುಣ ಬಲ್ಲ ವೈದ್ಯನ ಮಾತನ್ನು ರೋಗಿ ನಂಬುವಂತೆ ಎಂಬುದು ತಕ್ಲೀದನ್ನು ಸಮರ್ಥಿಸುವವರು ಸಾಮಾನ್ಯವಾಗಿ ಕೊಡುವ ಹೋಲಿಕೆ. ‘ಅಂಧ’ ಎಂದುಬಿಟ್ಟರೆ ಅವರ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ತಕ್ಲೀದನ್ನು ತಳ್ಳಿಹಾಕಿದವರೆಲ್ಲರೂ ಉದಾರವಾದಿಗಳು ಎಂಬ ಭಾವನೆಯೂ ಕರಡಿನ ಅಡಿಟಿಪ್ಪಣಿಯೊಂದರಲ್ಲಿ ಇಣುಕಿದೆ. ಅದನ್ನು ಅಳಿಸಿದ್ದೇನೆ. ಮೂಲವಚನದ ಅಕ್ಷರಕ್ಕೇ ಅಂಟಿಕೊಳ್ಳುವ ಸಲಫಿಗಳೂ ತಕ್ಲೀದಿನ ವಿರೋಧಿಗಳೇ. ಹಾಗಾಗಿ ತಕ್ಲೀದ್ ಎಂದರೆ ಹಳತು, ಇಜ್ತಿಹಾದ್ ಎಂದರೆ ಹೊಸತು ಎಂಬ ಸಮೀಕರಣವೇ ನಿಲ್ಲುವುದಿಲ್ಲ. ‘ಇಜ್ತಿಹಾದಿನ ಬಾಗಿಲು ಮುಚ್ಚಿತು’ ಎಂಬ ಪ್ರಸಿದ್ಧ ಮಾತಿನ ಕಥೆಯೂ ಇಂಥದ್ದೇ. ಕ್ರಿ.ಶ. 900ರ ಸುಮಾರಿಗೆ ಬಾಗಿಲು ಮುಚ್ಚಿತು, ಅಂದರೆ ಹೊಸ ಇಜ್ತಿಹಾದಿಗೆ ಅವಕಾಶ ಉಳಿಯಲಿಲ್ಲ ಎಂದು ಇತಿಹಾಸಕಾರ ಯೋಸೆಫ್ ಶಾಖ್ಟ್ ಬರೆದದ್ದನ್ನು ಬಹುಕಾಲ ಎಲ್ಲರೂ ಒಪ್ಪಿದ್ದರು. ಅದು ಸಿದ್ಧಾಂತದಲ್ಲಾಗಲಿ ಆಚರಣೆಯಲ್ಲಾಗಲಿ ಮುಚ್ಚಿರಲೇ ಇಲ್ಲ ಎಂದು ಇನ್ನೊಬ್ಬ ವಿದ್ವಾಂಸ ವಾಯಿಲ್ ಹಲ್ಲಾಕ್ 1984ರಲ್ಲಿ ವಾದಿಸಿದರು. 1505ರಲ್ಲಿ ತೀರಿಕೊಂಡ ಈಜಿಪ್ಟಿನ ಪಂಡಿತ ಸುಯೂತಿ ತಾನು ಮುಜ್ತಹಿದ್ ಎಂದು ಘೋಷಿಸಿಕೊಂಡು ಸಮಕಾಲೀನರಿಂದ ಬೈಸಿಕೊಂಡದ್ದೂ ಉಂಟು.

ಮೂರನೆಯ ಗಂಟು ಷರಿಯಾ ಮತ್ತು ಫಿಕ್‌ಹ್. ಕರಡಿನಲ್ಲಿ ಎರಡಕ್ಕೂ ‘ಇಸ್ಲಾಮಿಕ್ ಕಾನೂನು’ ಎಂದಿದೆ. ಪಂಡಿತರ ಬಳಕೆಯಲ್ಲಿ ಷರಿಯಾ ದೇವರು ತೋರಿದ ದಾರಿ. ಫಿಕ್‌ಹ್ ಅದನ್ನು ಮನುಷ್ಯರು ತಿಳಿದುಕೊಂಡ ಬಗೆ. ಆ ಪದದ ಮೂಲಾರ್ಥವೇ ‘ತಿಳಿವಳಿಕೆ’. ತಿಳಿವಳಿಕೆ ತಪ್ಪಬಹುದು, ಒಬ್ಬರದಕ್ಕಿಂತ ಇನ್ನೊಬ್ಬರದು ಬೇರೆಯಾಗಬಹುದು. ಹನಫಿ, ಮಾಲಿಕಿ, ಶಾಫಿಈ, ಹಂಬಲಿ ಎಂಬ ನಾಲ್ಕು ಸುನ್ನಿ ಪಂಥಗಳು ಪರಸ್ಪರ ಭಿನ್ನಮತ ಇಟ್ಟುಕೊಂಡೂ ಒಟ್ಟಿಗೆ ಬಾಳಿದ್ದು ಈ ಅಂತರದ ಬಲದಿಂದ. ಆಧುನಿಕ ಸುಧಾರಕರು ಕಾಲೂರಿ ನಿಂತದ್ದೂ ಇಲ್ಲಿಯೇ: ಬದಲಾಗಬೇಕಾದದ್ದು ಫಿಕ್‌ಹ್, ಷರಿಯಾ ಅಲ್ಲ ಎಂದು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಇವರ ವಾದ ಕನ್ನಡದಲ್ಲಿ ಹುಟ್ಟುವುದೇ ಇಲ್ಲ.

‘ಷರಿಯಾ ಕಾನೂನು’ ಎಂಬ ಪತ್ರಿಕಾ ಪ್ರಯೋಗದ ಬಗ್ಗೆ ಒಂದು ತಮಾಷೆ ಹೇಳಲೇಬೇಕು. ಕಾನೂನು ನಮಗೆ ಬಂದದ್ದು ಅರಬ್ಬಿಯಿಂದ, ಅರಬ್ಬಿಗೆ ಗ್ರೀಕಿನಿಂದ. ಆಟೊಮನ್ ಆಡಳಿತದಲ್ಲಿ ‘ಕಾನೂನ್’ ಎಂದರೆ ಸುಲ್ತಾನ ಹೊರಡಿಸಿದ ಶಾಸನ, ಷರಿಯಾದಿಂದ ಬೇರೆಯಾಗಿ ಗುರುತಿಸುತ್ತಿದ್ದದ್ದು. 1520ರಿಂದ 1566ರವರೆಗೆ ಆಳಿದ ಸುಲೈಮಾನನಿಗೆ ತುರ್ಕರು ‘ಕಾನೂನಿ’, ಅಂದರೆ ಶಾಸನಕಾರ, ಎಂಬ ಬಿರುದನ್ನು ಕೊಟ್ಟದ್ದು ಅದಕ್ಕೇ. ಆ ಕಾಲದ ಗುಮಾಸ್ತನೊಬ್ಬ ನಮ್ಮ ತಲೆಬರಹಗಳನ್ನು ಓದಿದ್ದರೆ ಕಕ್ಕಾಬಿಕ್ಕಿಯಾಗುತ್ತಿದ್ದ. ಪ್ರಯೋಗ ಬೇರೂರಿದೆ, ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಇನ್ನೊಂದೆಡೆ, ಇದೇ ಶಾಸ್ತ್ರದ ಪದವೊಂದು ನಮ್ಮಲ್ಲಿ ಚೊಕ್ಕವಾಗಿ ಉಳಿದಿದೆ: ‘ಹುಕುಂ’. ಕಾಜಿಯ ಹುಕುಂ ಪಾಲಿಸಲೇಬೇಕಾದದ್ದು. ಮುಫ್ತಿಯ ಫತ್ವಾ ಕೇಳಿದವರಿಗೆ ಕೊಟ್ಟ ಅಭಿಪ್ರಾಯ ಮಾತ್ರ. ಹಾಗಿದ್ದೂ ‘ಫತ್ವಾ ಹೊರಡಿಸಿದರು’ ಎಂದು ಬರೆದು ಅದಕ್ಕೆ ಹುಕುಮ್ಮಿನ ಗತ್ತು ಕೊಡುತ್ತೇವೆ. ‘ಫತ್ವಾ ನೀಡಿದರು’ ಎಂದರೆ ಸಾಕು. ಅಂದಹಾಗೆ ‘ಷರತ್ತು’ ಪದಕ್ಕೂ ಷರಿಯಾಕ್ಕೂ ನಂಟಿಲ್ಲ, ಧಾತುಗಳೇ ಬೇರೆ.

ಫಿಕ್‌ಹ್‌ಗೆ ಕರಾವಳಿಯ ಮುಸ್ಲಿಂ ಲೇಖಕರ ಕನ್ನಡದಲ್ಲಿ ‘ಕರ್ಮಶಾಸ್ತ್ರ’ ಎಂಬ ಪದವಿದೆ, ಮಲಯಾಳದಲ್ಲೂ ಅದೇ. ನಮಾಜು, ಉಪವಾಸದಿಂದ ಹಿಡಿದು ವ್ಯಾಪಾರ, ವಾರಸುದಾರಿಕೆಯವರೆಗೆ ಮನುಷ್ಯನ ನಡೆಯನ್ನೆಲ್ಲ ಒಳಗೊಳ್ಳುವ ಶಾಸ್ತ್ರಕ್ಕೆ ‘ನ್ಯಾಯಶಾಸ್ತ್ರ’ಕ್ಕಿಂತ ಇದೇ ಹತ್ತಿರ ಎಂದು ನನ್ನ ಮತ. ನ್ಯಾಯಶಾಸ್ತ್ರ ಎಂದೊಡನೆ ಕೆಲವರಿಗೆ ಕೋರ್ಟು ನೆನಪಾಗುತ್ತದೆ, ಕೆಲವರಿಗೆ ಗೌತಮನ ಸೂತ್ರಗಳು. ಆದರೆ ಒಳನಾಡಿನ ಓದುಗರು ‘ಕರ್ಮ’ ಕಂಡೊಡನೆ ಅಪರಕರ್ಮವನ್ನೋ ಪೂರ್ವಜನ್ಮವನ್ನೋ ನೆನೆದಾರು ಎಂಬ ಅಳುಕಿದೆ. ಬಳಸಿ ನೋಡಿದವರು ತಿಳಿಸಿ.

ಇಜ್ತಿಹಾದಿಗೆ ಮೀಮಾಂಸಕರ ‘ಊಹ’ ನೆನಪಾಯಿತು: ಒಂದು ಯಾಗಕ್ಕೆ ಹೇಳಿದ ಮಂತ್ರವನ್ನು ಬೇರೆ ಯಾಗಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ವಿಧಾನ. ‘ಊಹಾಪೋಹ’ ಎಂಬುದಕ್ಕೂ ಹಿಂದೆ ಸಾಧಕಬಾಧಕಗಳ ವಿಚಾರಣೆ ಎಂಬ ಘನವಾದ ಅರ್ಥವಿತ್ತು. ಇಂದು ‘ಇಮಾಮರು ಊಹಾಪೋಹ ಮಾಡಿದರು’ ಎಂದು ಅಚ್ಚು ಹಾಕಿಸಿದರೆ ನನ್ನನ್ನು ಯಾರೂ ಕ್ಷಮಿಸುವುದಿಲ್ಲ! ‘ವಿಧಿಶೋಧ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಹುಡುಕುವ ಶ್ರಮ ಅದರಲ್ಲಿದೆ. ಹುಡುಕುವವನ ಅರ್ಹತೆ, ಅಂದರೆ ಅರಬ್ಬಿ ಭಾಷೆ, ಕುರ್‌ಆನ್, ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ), ಹಿಂದಿನವರ ಒಮ್ಮತ ಇವುಗಳ ಅರಿವು, ಅದರಲ್ಲಿ ಕಾಣುವುದಿಲ್ಲ. ತೀರ್ಪುಗಾರನು ಶ್ರಮಪಟ್ಟು ಸರಿಯಾದ ತೀರ್ಮಾನಕ್ಕೆ ಬಂದರೆ ಎರಡು ಪುಣ್ಯ, ತಪ್ಪಿದರೂ ಒಂದು ಪುಣ್ಯ ಎಂಬ ಹದೀಸ್ ಇದೆ. ತಪ್ಪಿಗೂ ಫಲವಿರುವ ಈ ಶ್ರಮವನ್ನು ‘ಶೋಧ’ ತಕ್ಕಮಟ್ಟಿಗೆ ಹಿಡಿಯುತ್ತದೆ ಎಂದುಕೊಂಡಿದ್ದೇನೆ.

ತಕ್ಲೀದಿಗೆ ‘ಆಪ್ತಾನುಸರಣೆ’ ಹೇಗೆ? ‘ಆಪ್ತವಾಕ್ಯ’ದಲ್ಲಿರುವ ಆಪ್ತ, ಅಂದರೆ ನಂಬಲು ಅರ್ಹನಾದವನು. ಸ್ನೇಹಿತ ಎಂಬ ಅರ್ಥ ಅಡ್ಡ ಬಂದೀತೇ? ಬರುತ್ತದೆ ಎನ್ನುವುದಾದರೆ ‘ಮತಾನುಸರಣೆ’ ಉಳಿದಿದೆ, ಆದರೆ ಅಲ್ಲಿ ‘ಮತ’ಕ್ಕೆ ಚುನಾವಣೆಯ ವಾಸನೆ. ಎರಡೂ ಬೇಡ, ಅರಬ್ಬಿ ಪದಗಳನ್ನೇ ಇಟ್ಟು ಮೊದಲ ಬಾರಿ ಬಂದಲ್ಲಿ ವಿವರಿಸಿ ಎಂದು ಹೇಳುವವರು ಕಾಗುಣಿತವನ್ನೂ ಹೇಳಿಬಿಡಿ: ಷರಿಯಾವೋ ಷರಿಯತ್ತೋ ಶರೀಅತ್ತೋ, ಫಿಕ್‌ಹ್ ಎಂದರೆ ಓದುವವರ ನಾಲಿಗೆ ತಿರುಗುತ್ತದೆಯೋ ಇಲ್ಲವೋ. ಶಿಯಾ ಗ್ರಂಥಗಳನ್ನು ಕನ್ನಡಕ್ಕೆ ತಂದವರು ಯಾರಾದರೂ ಇದ್ದರೆ, ಭಕ್ತರು ತಕ್ಲೀದ್ ಮಾಡುವ ಹಿರಿಯ ಮುಜ್ತಹಿದನನ್ನು ಸೂಚಿಸುವ ‘ಮರ್ಜಾ’ ಪದಕ್ಕೆ ಏನು ಬಳಸಿದಿರಿ ಎಂಬುದನ್ನೂ ತಿಳಿಸಿ. ಕರಡಿನಲ್ಲಿ ಅದು ‘ಜಗದ್ಗುರು’ ಆಗಿ ಕುಳಿತಿದೆ.